ಆರನೆಯ ಡೋಸು

2020ರ ಡಿಸೆಂಬರ್ 13, ಭಾನುವಾರ ಬೆಳಿಗ್ಗೆ ಅಮೆರಿಕದ ಮಿಷಿಗನ್ ರಾಜ್ಯದ ಪೋರ್ಟೇಜ್ ಊರಿನ ಫೈಜರ್ ಕಾರ್ಖಾನೆಯಿಂದ ಕೊರೋನಾ ಲಸಿಕೆ ಹೊತ್ತ ಮೊದಲ ಲಾರಿಗಳು ಹೊರಟವು. ಪೆಟ್ಟಿಗೆಗಳು ಲಾರಿ ಏರುವಾಗ ಕೆಲಸಗಾರರು ಚಪ್ಪಾಳೆ ತಟ್ಟಿದ್ದು, ಸಿಳ್ಳೆ ಹಾಕಿದ್ದು ಟಿ.ವಿ.ಯಲ್ಲಿ ಬಂತು. ನಾನಿದ್ದದ್ದು ಅದೇ ರಾಜ್ಯದ ಇನ್ನೊಂದು ಊರಿನ ಆಸ್ಪತ್ರೆಯ ಫಾರ್ಮಸಿಯಲ್ಲಿ. ಆ ಲಾರಿಗಳಲ್ಲಿ ಒಂದು ಪೆಟ್ಟಿಗೆ ನಮ್ಮದು.

ಈ ಕಥೆಯನ್ನು ನಾನು ಮೊದಲ ಸಲ ಪೂರ್ತಿಯಾಗಿ ಹೇಳಿದ್ದು ತೀರ್ಥಹಳ್ಳಿ ಕಡೆಯ ನಮ್ಮ ತವರುಮನೆಯಲ್ಲಿ, ಅಡಿಕೆ ಸುಲಿಯುವ ಹೊತ್ತಿನಲ್ಲಿ. ಚಳಿಗಾಲದ ರಾತ್ರಿ, ಅಂಗಳದ ಮೂಲೆಯ ಒಲೆ ಮೇಲೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ ಮನೆಯೆಲ್ಲ ಹಬ್ಬಿತ್ತು. ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತವರಿಗೆ ಕೈತುಂಬ ಕೆಲಸ, ಬಾಯಿಗೆ ಮಾತ್ರ ಪುರುಸೊತ್ತು. ಯಾರಾದರೂ ಏನಾದರೂ ಹೇಳುತ್ತಲೇ ಇರಬೇಕು, ಇಲ್ಲದಿದ್ದರೆ ಹತ್ತೂವರೆಗೇ ತೂಕಡಿಕೆ ಶುರು. ದೆವ್ವದ ಕಥೆ, ಮೇಳದವರ ಕಥೆ, ಆಸ್ತಿ ಪಾಲಿನ ಕಥೆ ಎಲ್ಲ ಆದ ಮೇಲೆ ಅಣ್ಣನ ಮಗ, ಪಿಯುಸಿ ಓದುವ ಹುಡುಗ, "ಅತ್ತೆ, ನೀವು ಆ ಲಸಿಕೆ ಬೆರೆಸ್ತಿದ್ರಲ್ಲ, ಅದರೊಳಗೆ ನ್ಯಾನೋ ಯಂತ್ರ ಇತ್ತಂತೆ ಹೌದಾ? ವಾಟ್ಸಾಪಲ್ಲಿ ಬಂದಿತ್ತು" ಎಂದ.

"ಯಂತ್ರ ಅಲ್ಲ ಮಾರಾಯ, ಕೊಬ್ಬು" ಎಂದೆ.

ಸಾಲಿನಲ್ಲಿ ಎರಡು ಮೂರು ಕೈ ನಿಂತವು. ದೊಡ್ಡಮ್ಮ ತಲೆ ಎತ್ತಿ, "ಎಂತದ್ರ ಕೊಬ್ಬೇ? ದನದ್ದಾ, ಹಂದಿದಾ?" ಎಂದು ಕೇಳಿಯೇಬಿಟ್ಟರು. ಎಲ್ಲರೂ ನಕ್ಕರು, ಆದರೆ ಅದೇನೂ ನಗುವ ಪ್ರಶ್ನೆಯಲ್ಲ. ಬ್ರಿಟನ್ನಿನಲ್ಲಿ ಹಿಂದೂಗಳು, ಮುಸ್ಲಿಮರು, ಸಸ್ಯಾಹಾರಿಗಳು ಎಲ್ಲರೂ ಇದನ್ನೇ ಕೇಳಿದ್ದರು, ಫೈಜರ್ ಲಸಿಕೆಯಲ್ಲಿ ಪ್ರಾಣಿಮೂಲದ್ದು ಏನೂ ಇಲ್ಲವೆಂದು ಅಲ್ಲಿ ಸ್ಪಷ್ಟಪಡಿಸಬೇಕಾಗಿ ಬಂದಿತ್ತು. ಅಷ್ಟು ಹೇಳಿದ ಮೇಲೆಯೇ ದೊಡ್ಡಮ್ಮನ ಕೈ ಮತ್ತೆ ಓಡಿದ್ದು.

ಆ ಪೆಟ್ಟಿಗೆ ನಮ್ಮಲ್ಲಿಗೆ ಬಂದ ದಿನ ಯಾವ ಸಮಾರಂಭವೂ ಇರಲಿಲ್ಲ. ಹಿಂದಿನ ಶುಕ್ರವಾರ, ಅಂದರೆ 11ನೇ ತಾರೀಕು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟಿತ್ತು. ದೇಶದಲ್ಲಿ ಆಗ ದಿನಕ್ಕೆ 3,000 ಜನ ಸಾಯುವ ಮಟ್ಟ ಮುಟ್ಟಿತ್ತು. ನಮ್ಮ ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಖಾಲಿಯಾಗುತ್ತಿದ್ದದ್ದು ಒಂದೇ ಕಾರಣಕ್ಕೆ. ಅಂಥ ಹೊತ್ತಿನಲ್ಲಿ ಹಿಂಬಾಗಿಲಲ್ಲಿ ಕೊರಿಯರ್‌ನವನು ಸಹಿ ಹಾಕಿಸಿಕೊಂಡು ಪೆಟ್ಟಿಗೆ ಇಳಿಸಿ ಹೋದ. ಒಳಗೆ ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಜತೆಗೆ ದಾರಿಯುದ್ದಕ್ಕೂ ಉಷ್ಣತೆ ಬರೆದುಕೊಳ್ಳುವ, ತಾನೆಲ್ಲಿದ್ದೇನೆಂದು ಹೇಳುವ ಒಂದು ಪುಟ್ಟ ಸಾಧನ. ದಪ್ಪ ಕೈಗವಸು, ಮುಖಕ್ಕೆ ಗುರಾಣಿ ಹಾಕಿಕೊಂಡು ಮುಚ್ಚಳ ತೆಗೆದರೆ ಬಿಳಿ ಹೊಗೆ ಅಂಚಿನಿಂದ ಇಳಿದು ನೆಲದ ಮೇಲೆ ಹರಿಯಿತು. ಹೊಗೆಯ ಅಡಿಯಲ್ಲಿ ರಟ್ಟಿನ ಚಪ್ಪಟೆ ತಟ್ಟೆ. ಒಂದು ತಟ್ಟೆಯಲ್ಲಿ 195 ಸೀಸೆ, ಸೀಸೆಗೆ 5 ಡೋಸು, ಒಟ್ಟು 975.

ಅದನ್ನು ಇಡಬೇಕಾದದ್ದು ಮೈನಸ್ 60ರಿಂದ 80 ಡಿಗ್ರಿಯ ಫ್ರೀಜರಿನಲ್ಲಿ. ಪೆಟ್ಟಿಗೆಯಿಂದ ಫ್ರೀಜರಿಗೆ ಸಾಗಿಸಲು ತಟ್ಟೆಗೆ ಐದು ನಿಮಿಷದ ಗಡುವು. ಹೊರಗೆ ಹಿಮ ಬಿದ್ದಿತ್ತು, ಆದರೆ ಅದರ ಲೆಕ್ಕದಲ್ಲಿ ಮಿಷಿಗನ್ನಿನ ಹಿಮವೂ ಕಡುಬೇಸಿಗೆಯೇ.

ಸೀಸೆ ಎಂದರೆ ಹೆಬ್ಬೆರಳಿನ ತುದಿಯಷ್ಟು ಗಾಜು, ನೇರಳೆ ಮುಚ್ಚಳ. ತಳದಲ್ಲಿ ಹೆಪ್ಪುಗಟ್ಟಿದ 0.45 ಮಿಲಿಲೀಟರ್. ಅರ್ಧ ಗಂಟೆ ಹೊರಗಿಟ್ಟರೆ ಕರಗುತ್ತದೆ. ಕರಗಿದ ಮೇಲೆ ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ನೆಟ್ಟಗೆ ಮಾಡಬೇಕು. 1.8 ಮಿಲಿಲೀಟರ್ ಸಲೈನ್ ಹಾಕಬೇಕು, ಅಷ್ಟೇ ಗಾಳಿ ಹೊರಗೆಳೆಯಬೇಕು, ಇಲ್ಲವಾದರೆ ಒಳಗಿನ ಒತ್ತಡಕ್ಕೆ ಸೂಜಿ ತೆಗೆಯುವಾಗ ಔಷಧ ಚಿಮ್ಮುತ್ತದೆ. ಮತ್ತೆ ಹತ್ತು ಸಲ ತಲೆಕೆಳಗು. ಮೈಮೇಲೆ ಗಂಟೆ ನಿಮಿಷ ಬರೆದು ಇಟ್ಟರೆ ಅಲ್ಲಿಂದ ಆರು ಗಂಟೆಯೊಳಗೆ ಮುಗಿಸಬೇಕು. ಈ ಎಲ್ಲ ಸೂಚನೆಗಳ ನಡುವೆ ದಪ್ಪಕ್ಷರದಲ್ಲಿ ಒಂದು ಸಾಲು: ಕುಲುಕಬೇಡಿ.

ಫಾರ್ಮಸಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಇದರ ಕಷ್ಟ ಗೊತ್ತು. ಪುಡಿ ರೂಪದ ಆಂಟಿಬಯಾಟಿಕ್‌ಗೆ ನೀರು ಹಾಕಿ ಕುಲುಕಿ ಕುಲುಕಿ ಕರಗಿಸಿದ ಕೈಗಳು ನಮ್ಮವು. ಸೀಸೆ ಬೆರಳಿಗೆ ಸಿಕ್ಕರೆ ಸಾಕು, ಮಣಿಕಟ್ಟು ತಾನಾಗಿಯೇ ಆಡುತ್ತದೆ. ನಮ್ಮ ಮೇಲ್ವಿಚಾರಕಿ, ಕೆಲಸದಲ್ಲೇ ತಲೆ ನರೆಸಿಕೊಂಡ ಹೆಂಗಸು, ಎಲ್ಲರ ಹಿಂದೆ ನಿಂತು ಮಣಿಕಟ್ಟುಗಳನ್ನೇ ನೋಡುತ್ತಿದ್ದಳು. ಯಾರ ಕೈ ಸ್ವಲ್ಪ ಜೋರಾದರೂ ಅವರ ಹೆಗಲ ಮೇಲೆ ಅವಳ ಕೈ ಬರುತ್ತಿತ್ತು. ಬೆರೆಸಿ ಮುಗಿದ ಸೀಸೆಯನ್ನು ದೀಪಕ್ಕೆ ಹಿಡಿದರೆ ಒಳಗೆ ಮಾಸಲು ಬಿಳುಪು, ಕಣ ಒಂದೂ ಕಾಣದು. ಆ ಮಾಸಲೇ ಕೊಬ್ಬು. ಕಣ್ಣಿಗೆ ಕಾಣದಷ್ಟು ಸಣ್ಣ ಕೋಟಿಗಟ್ಟಲೆ ಉಂಡೆಗಳು ಬೆಳಕನ್ನು ಚದುರಿಸುವುದರಿಂದ ಬರುವ ಬಣ್ಣ. ಒಂದೊಂದರ ಅಗಲ 100 ನ್ಯಾನೋಮೀಟರಿನ ಆಸುಪಾಸು, ಅಂದರೆ ಮೀಟರಿನ ಕೋಟಿಯಲ್ಲಿ ಒಂದು ಪಾಲು.

"ಕುಲುಕಿದ್ರೆ ಎಂತ ಆಗ್ತದೆ?" ಅಣ್ಣನ ಮಗ ಬಿಡಲಿಲ್ಲ.

ಆ ಉಂಡೆಗಳನ್ನು ಅಂಟು ಹಾಕಿ ಕಟ್ಟಿದ್ದಲ್ಲ. ನೀರಿಗೆ ಹೆದರುವ ಕೊಬ್ಬಿನ ಅಣುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ, ಅಷ್ಟೇ. ಜೋರಾಗಿ ಕುಲುಕಿ ಗಾಳಿಗುಳ್ಳೆ ಎಬ್ಬಿಸಿದರೆ ಕೆಲವು ಒಡೆಯುತ್ತವೆ, ಕೆಲವು ಒಂದಕ್ಕೊಂದು ಸೇರಿ ದಪ್ಪಗಾಗುತ್ತವೆ. ಒಳಗಿನ ಸರಕು ಹೊರಬಿದ್ದರೆ ಮುಗಿಯಿತು. ಸರಕು ಎಂದರೆ ಎಂಆರ್‌ಎನ್‌ಎ. ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಪ್ರೊಟೀನನ್ನು ಹೇಗೆ ಮಾಡಬೇಕೆಂದು ನಮ್ಮ ಜೀವಕೋಶಕ್ಕೆ ಹೇಳುವ ಉದ್ದನೆಯ ಎಳೆ. ಆ ಎಳೆಯನ್ನು ಬರಿದೇ ಮೈಗೆ ಚುಚ್ಚಿದರೆ ಅದನ್ನು ತುಂಡರಿಸುವ ಕಿಣ್ವಗಳು ಎಲ್ಲೆಡೆಯೂ ಇವೆ, ರಕ್ತದಲ್ಲಿ, ಬೆವರಿನಲ್ಲಿ, ನಮ್ಮ ಬೆರಳ ತುದಿಯಲ್ಲಿ ಕೂಡ. ಅವುಗಳ ಕಣ್ಣು ತಪ್ಪಿಸಿದರೂ ಜೀವಕೋಶದ ಪೊರೆ ಅದನ್ನು ಒಳಗೆ ಬಿಡುವುದಿಲ್ಲ. ಎಳೆಗೆ ಋಣ ವಿದ್ಯುದಂಶ, ಪೊರೆ ಎಣ್ಣೆಯಂಥದ್ದು.

ಇಲ್ಲಿ ನಾನು ಸದಾ ಹೇಳುವ ಒಂದು ಲೆಕ್ಕ ಇದೆ, ಅವತ್ತೂ ಹೇಳಿದೆ. ಒಂದು ಡೋಸಿನಲ್ಲಿ ಎಂಆರ್‌ಎನ್‌ಎ ಇರುವುದು 30 ಮೈಕ್ರೋಗ್ರಾಂ. ಕೊಬ್ಬು? ನಾಲ್ಕು ಬಗೆಯದ್ದು ಸೇರಿ 770 ಮೈಕ್ರೋಗ್ರಾಂ. ಸರಕಿನ ಇಪ್ಪತ್ತೈದು ಪಟ್ಟಿಗೂ ಮಿಕ್ಕು ಹೊದಿಕೆ. ಪತ್ರಿಕೆಗಳು ವರ್ಷಗಟ್ಟಲೆ ಬರೆದದ್ದು ಆ ಮೂವತ್ತರ ಬಗ್ಗೆ. ಆ ಏಳುನೂರ ಎಪ್ಪತ್ತು ಇಲ್ಲದಿದ್ದರೆ ಮೂವತ್ತು ಬರೀ ದುಬಾರಿ ನೀರು.

ಕೊಬ್ಬಿನ ಕಥೆ ಲಸಿಕೆಗಿಂತ ಬಹಳ ಹಳೆಯದು. 1960ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬೇಬ್ರಹಂ ಸಂಸ್ಥೆಯಲ್ಲಿ ಅಲೆಕ್ ಬ್ಯಾಂಗಮ್ ಎಂಬ ವೈದ್ಯ ವಿಜ್ಞಾನಿ ಕೊಬ್ಬನ್ನು ನೀರಿನಲ್ಲಿ ಕದಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ. ಅಣುಗಳು ತಾವೇ ತಾವಾಗಿ ಪದರ ಪದರದ ಗುಳ್ಳೆಗಳಾಗಿದ್ದವು. ಲೈಪೊಸೋಮ್ ಎಂಬ ಹೆಸರು ಬಂತು. ಗುಳ್ಳೆಯೊಳಗೆ ಔಷಧ ತುಂಬಬಹುದಲ್ಲ ಎಂದು ಜನ ಹಿಂದೆ ಬಿದ್ದರು. ಅಮೆರಿಕದಲ್ಲಿ ಅಂಥ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಹೆಸರು ಡಾಕ್ಸಿಲ್, ಕ್ಯಾನ್ಸರಿಗೆ. ಅದನ್ನು ನಾನು ಕೈಯಾರೆ ಬೆರೆಸಿದ್ದೇನೆ. ಅದರೊಳಗಿನ ಡಾಕ್ಸೊರುಬಿಸಿನ್ ಬರಿದೇ ಇದ್ದರೆ ಗಾಜಿನಷ್ಟು ತಿಳಿಯಾದ ಕೆಂಪು, ಕೊಬ್ಬಿನ ಗುಳ್ಳೆಯಲ್ಲಿ ಕೂತರೆ ಮಬ್ಬು ಕೆಂಪು. ಔಷಧ ಒಂದೇ, ಹೊದಿಕೆ ಬೇರೆ. ಹೃದಯಕ್ಕೆ ಆಗುವ ಪೆಟ್ಟು ಕಡಿಮೆ.

ಆದರೆ ಡಾಕ್ಸೊರುಬಿಸಿನ್ ಸಣ್ಣ ಅಣು. ಆರ್‌ಎನ್‌ಎಯಂಥ ಉದ್ದನೆಯ ಋಣ ಎಳೆಯನ್ನು ಹಿಡಿಯಲು ಧನ ವಿದ್ಯುದಂಶದ ಕೊಬ್ಬು ಬೇಕು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಪ್ರಾಣಿಗಳ ರಕ್ತಕ್ಕೆ ಬಿಟ್ಟರೆ ವಿಷ. ಜೀವಕೋಶಗಳ ಮೈಯೆಲ್ಲ ಋಣವೇ ಆದ್ದರಿಂದ ಕಂಡಕಂಡಲ್ಲಿ ಅಂಟಿಕೊಂಡು ಹರಿದುಹಾಕುತ್ತಿತ್ತು. ಕೆನಡಾದ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪೀಟರ್ ಕಲ್ಲಿಸ್ ಮತ್ತು ಜತೆಯವರು ಈ ಗಂಟಿನ ಹಿಂದೆ ಬಿದ್ದದ್ದು 1990ರ ದಶಕದಲ್ಲಿ. ಅವರು ಹುಡುಕಿದ ದಾರಿ ನನಗೆ ಇವತ್ತಿಗೂ ಸೋಜಿಗ. ಹುಳಿ ಇದ್ದಲ್ಲಿ ಧನವಾಗುವ, ಹುಳಿ ಇಲ್ಲದಲ್ಲಿ ಏನೂ ಅಲ್ಲದಂತೆ ಸುಮ್ಮನಿರುವ ಕೊಬ್ಬು.

ಮಾಡುವ ಕ್ರಮ ಹೀಗೆ. ನಾಲ್ಕು ಕೊಬ್ಬನ್ನೂ ಆಲ್ಕೊಹಾಲಿನಲ್ಲಿ ಕರಗಿಸಿಕೊಳ್ಳುತ್ತಾರೆ. ಆರ್‌ಎನ್‌ಎಯನ್ನು ಹುಳಿನೀರಿನಲ್ಲಿ, ಪಿಎಚ್ 4ರ ಸುಮಾರಿನಲ್ಲಿ, ಕರಗಿಸಿಕೊಳ್ಳುತ್ತಾರೆ. ಎರಡು ಧಾರೆಗಳನ್ನು ವೇಗವಾಗಿ ಎದುರುಬದುರು ಹಾಯಿಸಿ ಡಿಕ್ಕಿ ಹೊಡೆಸುತ್ತಾರೆ. ಕಾದ ಹಾಲಿಗೆ ನಿಂಬೆ ಹಿಂಡಿದರೆ ತಟ್ಟನೆ ಒಡೆಯುತ್ತದಲ್ಲ, ಹಾಗೆ ಕ್ಷಣಾರ್ಧದಲ್ಲಿ ಕೊಬ್ಬು ನೀರಿನಿಂದ ಬೇರೆಯಾಗಿ ಆರ್‌ಎನ್‌ಎಯನ್ನು ಸುತ್ತಿಕೊಂಡು ಉಂಡೆಯಾಗುತ್ತದೆ. ಬೆರಕೆ ಎಷ್ಟು ಚುರುಕೋ ಉಂಡೆ ಅಷ್ಟು ಸಣ್ಣ. ಪೋರ್ಟೇಜ್ ಕಾರ್ಖಾನೆಯಲ್ಲಿ ಈ ಡಿಕ್ಕಿ ಆಗುವ ಜಾಗ ಒಂದು ನಾಣ್ಯದಷ್ಟು ಮಾತ್ರ. ದೊಡ್ಡದು ಮಾಡಿದರೆ ಬೆರಕೆ ಕೆಡುತ್ತದೆಂದು ಅಂಥ ಪುಟ್ಟ ಬೆರಕೆ-ಕೊಳವೆಗಳನ್ನೇ ಸಾಲಾಗಿ ಜೋಡಿಸಿ ಜಗತ್ತಿಗಾಗುವಷ್ಟು ಲಸಿಕೆ ಮಾಡಿದರು.

ಆಮೇಲೆ ಹುಳಿ ತೆಗೆದುಬಿಡುತ್ತಾರೆ. ಕೊಬ್ಬು ತಟಸ್ಥ. ಮೈಯೊಳಗೆ ಹೋದಾಗ ರಕ್ತದ ಪಿಎಚ್ 7.4, ಅಲ್ಲೂ ಸುಮ್ಮನೆ. ಜೀವಕೋಶ ಇದನ್ನು ಆಹಾರವೆಂದು ನುಂಗಿ ಒಂದು ಚೀಲದಲ್ಲಿಟ್ಟು ಜೀರ್ಣಿಸಲು ಹುಳಿ ಬಿಡುತ್ತದೆ. ಹುಳಿ ತಾಗಿದ್ದೇ ಕೊಬ್ಬು ಧನವಾಗಿ ಚೀಲದ ಗೋಡೆಯ ಋಣ ಕೊಬ್ಬಿಗೆ ಅಂಟಿ ಗೋಡೆಯನ್ನು ಹರಿಯುತ್ತದೆ, ಆರ್‌ಎನ್‌ಎ ಹೊರಬೀಳುತ್ತದೆ. ನುಂಗಿದವನ ಹೊಟ್ಟೆಯ ಹುಳಿಯೇ ಬಾಗಿಲಿನ ಕೀಲಿ. ಹಾಗಂತ ಎಲ್ಲವೂ ತಪ್ಪಿಸಿಕೊಳ್ಳುವುದಿಲ್ಲ. ಇದೇ ಬಗೆಯ ಉಂಡೆಗಳಲ್ಲಿ ಪುಟ್ಟ ಆರ್‌ಎನ್‌ಎ ತುಂಬಿ ಅಳೆದಾಗ ನೂರಕ್ಕೆ ಒಂದೆರಡು ಮಾತ್ರ ಚೀಲದಿಂದ ಆಚೆ ಬಂದಿದ್ದವು. ಅಷ್ಟೇ ಸಾಕಾಗುತ್ತದೆ ಎನ್ನುವುದು ಇನ್ನೂ ದೊಡ್ಡ ಸೋಜಿಗ.

ಈ ಕೊಬ್ಬಿನ ಮೊದಲ ಗೆಲುವು ಕೊರೋನಾ ಅಲ್ಲ. 2018ರ ಆಗಸ್ಟಿನಲ್ಲಿ ಪ್ಯಾಟಿಸಿರಾನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವಂಶದಲ್ಲಿ ಹರಿದುಬರುವ ಒಂದು ಕಾಯಿಲೆಯಲ್ಲಿ ಯಕೃತ್ತು ಕೆಟ್ಟ ಪ್ರೊಟೀನು ಮಾಡಿ ನರಗಳಲ್ಲಿ ಕೂರಿಸುತ್ತದೆ. ಆ ಪ್ರೊಟೀನಿನ ಸಂದೇಶವನ್ನೇ ತುಂಡರಿಸುವ ಪುಟ್ಟ ಆರ್‌ಎನ್‌ಎಯನ್ನು ಕೊಬ್ಬಿನ ಉಂಡೆಯಲ್ಲಿಟ್ಟು ಮೂರು ವಾರಕ್ಕೊಮ್ಮೆ ರಕ್ತಕ್ಕೆ ಬಿಡುತ್ತಾರೆ. ಹೀಗಾಗಿ 2020ರ ಜನವರಿಯಲ್ಲಿ ಚೀನಾದಿಂದ ವೈರಸ್ಸಿನ ಜೀನ್ ನಕ್ಷೆ ಹೊರಬಿದ್ದಾಗ ಹೊದಿಕೆ ಮನುಷ್ಯರಲ್ಲಿ ಪರೀಕ್ಷೆಯಾಗಿ ಸಿದ್ಧವಿತ್ತು. ಕಲ್ಲಿಸ್ ಸೇರಿ ಕಟ್ಟಿದ ಅಕ್ಯುಯಿಟಾಸ್ ಎಂಬ ವ್ಯಾಂಕೂವರಿನ ಸಣ್ಣ ಕಂಪನಿ ಅದೇ ಬಗೆಯ ಹೊದಿಕೆಯನ್ನು ಬಯೋಎನ್‌ಟೆಕ್ ಮತ್ತು ಫೈಜರ್‌ಗೆ ಕೊಟ್ಟಿತು. ಒಳಗಿನ ಎಳೆಯನ್ನು ದೇಹ ಶತ್ರುವೆಂದು ತಿಳಿಯದಂತೆ ತಿದ್ದಿದ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂತು. ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆನಡಾದ ಗೇರ್ಡ್ನರ್ ಪ್ರಶಸ್ತಿಯವರು 2022ರಲ್ಲಿ ಮೂವರನ್ನೂ, ಕಲ್ಲಿಸ್‌ನನ್ನೂ ಸೇರಿಸಿ, ಒಟ್ಟಿಗೆ ಗೌರವಿಸಿದ್ದು ನನ್ನ ಮನಸ್ಸಿಗೆ ಹೆಚ್ಚು ಸರಿಯೆನಿಸುತ್ತದೆ.

ನಡುವೆ ಆ ಕೊಬ್ಬಿನ ಹಕ್ಕು ಯಾರದೆಂದು ಕಂಪನಿಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದನ್ನೂ ಹೇಳಿದೆ. ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದ ಚಿಕ್ಕಪ್ಪ ನೆಟ್ಟಗಾದರು. "ಕಡೆಗೆ ಎಂತ ಆಯ್ತು?" "ಕೆಲವು ರಾಜಿ ಆದವು ಚಿಕ್ಕಪ್ಪ." "ಹ್ಞೂಂ, ವಕೀಲರಿಗೆ ಕೊಟ್ಟು ಕೊಟ್ಟು ಸಾಕಾಗಿರ್ತದೆ" ಎಂದು ಮತ್ತೆ ಗೋಡೆಗೆ ಒರಗಿದರು. ತೋಟದ ಗಡಿ ವ್ಯಾಜ್ಯದಲ್ಲಿ ಅವರು ಕಂಡುಂಡ ಸತ್ಯ ಅದು.

ಸರಿ, ಫಾರ್ಮಸಿಗೆ ಬರೋಣ. ಬೆರೆಸಿದ ಸೀಸೆಯಿಂದ 0.3 ಮಿಲಿಲೀಟರಿನಂತೆ ಐದು ಸಿರಿಂಜು ತುಂಬಿದೆವು. ಲೇಬಲ್ಲಿನಲ್ಲಿ ಐದು ಡೋಸು ಎಂದೇ ಇತ್ತು. ಐದಾದ ಮೇಲೆ ನನ್ನ ಪಕ್ಕದ ಹುಡುಗ ಸೀಸೆಯನ್ನು ದೀಪಕ್ಕೆ ಹಿಡಿದು ಹಾಗೇ ನಿಂತ. ತಳದಲ್ಲಿ ಇನ್ನೂ ಇತ್ತು. ಹನಿ ಎರಡು ಹನಿಯಲ್ಲ, ಓರೆ ಮಾಡಿದರೆ ಮೂಲೆ ತುಂಬಿ ನಿಲ್ಲುವಷ್ಟು.

ಯಾವ ಸೀಸೆಯಲ್ಲೂ ಹೇಳಿದ್ದಕ್ಕಿಂತ ತುಸು ಹೆಚ್ಚೇ ತುಂಬಿರುತ್ತಾರೆ, ಸೂಜಿಯಲ್ಲಿ ಸಿರಿಂಜಿನ ಮೂತಿಯಲ್ಲಿ ಉಳಿದುಹೋಗುವುದಕ್ಕೆಂದು. ಅದು ನಮಗೆ ಹೊಸದಲ್ಲ. ಆದರೆ ಲೆಕ್ಕ ಹಾಕಿ ನೋಡಿ. 0.45ಕ್ಕೆ 1.8 ಸೇರಿದರೆ 2.25. ಐದು ಡೋಸಿಗೆ 1.5. ಉಳಿದದ್ದು 0.75, ಅಂದರೆ ಇನ್ನೆರಡು ಡೋಸಿಗೆ ಸಾಲುವಷ್ಟು. ಸಿರಿಂಜು ಒಳ್ಳೆಯದಿದ್ದು ಪೋಲು ಕಡಿಮೆಯಾದರೆ ಆರನೆಯದಂತೂ ಆರಾಮಾಗಿ ಬರುತ್ತದೆ, ಕೆಲವೊಮ್ಮೆ ಏಳನೆಯದೂ.

ಕಾಗದದ ಮೇಲೆ ಇದ್ದದ್ದು ಐದು. ಇದು ಮಾಮೂಲು ಒಪ್ಪಿಗೆಯ ಔಷಧವಲ್ಲ, ತುರ್ತು ಒಪ್ಪಿಗೆಯದ್ದು. ಕಾಗದದಲ್ಲಿ ಹೇಳಿದಂತೆಯೇ ಕೊಡಬೇಕು. ಹೆಚ್ಚಿಗೆ ಎಳೆದು ಯಾರಿಗಾದರೂ ಕೊಟ್ಟು ನಾಳೆ ಏನಾದರೂ ಆದರೆ? ಬ್ರಿಟನ್ನಿನಲ್ಲಿ ಮೊದಲ ದಿನವೇ ಇಬ್ಬರು ಆರೋಗ್ಯ ಸಿಬ್ಬಂದಿಗೆ ಅಲರ್ಜಿ ಹೊಡೆದ ಸುದ್ದಿ ಆಗಷ್ಟೇ ಬಂದಿತ್ತು. ಚುಚ್ಚಿಸಿಕೊಂಡವರನ್ನು ಹದಿನೈದು ನಿಮಿಷ ಕುರ್ಚಿಯಲ್ಲಿ ಕೂರಿಸುತ್ತಿದ್ದದ್ದು ಅದಕ್ಕೇ. ಮೇಲ್ವಿಚಾರಕಿ ಮೇಲಿನವರಿಗೆ ಫೋನು ಹಚ್ಚಿದಳು. ಬಂದ ಉತ್ತರ, ಸ್ಪಷ್ಟ ಆದೇಶ ಬರುವವರೆಗೆ ಐದೇ.

ಉಳಿದದ್ದನ್ನು ಎಸೆದೆವು. ಔಷಧ ಕಸದ ಡಬ್ಬಿ, ಗಟ್ಟಿ ಮುಚ್ಚಳದ್ದು. ಅದರೊಳಗೆ ಒಂದೊಂದು ಸೀಸೆ ಬೀಳುವಾಗಲೂ ಟಕ್ ಎಂದು ಸದ್ದು. ಸರ್ಕಾರ ಒಂದು ಡೋಸಿಗೆ ಕೊಟ್ಟ ಬೆಲೆ 19.50 ಡಾಲರ್, ಅದು ದೊಡ್ಡ ಮಾತಲ್ಲ. ಮೇಲಿನ ಮಹಡಿಯಲ್ಲಿ ವೆಂಟಿಲೇಟರು ನಡೆಸುವ ಹುಡುಗಿಯರ ಹೆಸರು ಮುಂದಿನ ವಾರದ ಪಟ್ಟಿಯಲ್ಲಿತ್ತು, ಲಸಿಕೆ ಸಾಲದೆಂದು. ಅವರ ಪಾಲಿನದ್ದು ಡಬ್ಬಿಗೆ ಬೀಳುತ್ತಿತ್ತು. ಪಕ್ಕದ ಹುಡುಗ ತಡೆಯಲಾರದೆ, "ಎರಡು ಸೀಸೆಯ ತಳ ಸೇರಿಸಿದರೂ..." ಎಂದು ಶುರುಮಾಡಿದ. ಮೇಲ್ವಿಚಾರಕಿ ಮಾತು ಮುಗಿಸಲು ಬಿಡಲಿಲ್ಲ. ಅದು ಸರಿಯೇ. ಇದರಲ್ಲಿ ಕೆಡದಂತೆ ಕಾಯುವ ಸಂರಕ್ಷಕ ಇಲ್ಲ. ಒಂದು ಸೀಸೆಗೆ ಕೊಳೆ ಸೇರಿದ್ದರೆ ಕೂಡಿಸಿದ ಡೋಸು ಪೂರಾ ಕೆಟ್ಟಂತೆ.

ನನಗೆ ಆ ರಾತ್ರಿ ಅಮ್ಮ ಕಣ್ಣಮುಂದೆ ಬಂದಳು. ಚೊಗರಿನ ಪಾತ್ರೆಯ ತಳವನ್ನೂ ತೊಳೆದು ಇಟ್ಟುಕೊಳ್ಳುವವಳು, ಇದನ್ನು ನೋಡಿದ್ದರೆ ನಮ್ಮೆಲ್ಲರಿಗೂ ಮಂಗಳಾರತಿ ಎತ್ತುತ್ತಿದ್ದಳು.

ಬುಧವಾರ, 16ನೇ ತಾರೀಕು, ಎಫ್‌ಡಿಎ ಹೇಳಿತು: ಸೀಸೆಯಿಂದ ಪೂರ್ತಿ ಡೋಸು ಎಷ್ಟು ಬರುತ್ತದೋ ಅಷ್ಟನ್ನೂ ಬಳಸಬಹುದು, ಆರಾದರೂ ಸರಿ ಏಳಾದರೂ ಸರಿ. ಬೇರೆ ಬೇರೆ ಸೀಸೆಯ ಉಳಿಕೆ ಮಾತ್ರ ಕೂಡಿಸಬಾರದು. ದೇಶದ ಉದ್ದಗಲಕ್ಕೂ ನಮ್ಮಂತೆಯೇ ಫಾರ್ಮಸಿಯವರು ಸೀಸೆಯನ್ನು ದೀಪಕ್ಕೆ ಹಿಡಿದು ಜಗಳ ಆಡಿದ್ದರು ಎನ್ನುವುದು ಆಗ ತಿಳಿಯಿತು. ಸಂದೇಶ ನಮಗೆ ಮುಟ್ಟಿದಾಗ ಕೋಣೆಯಲ್ಲಿ ಯಾರೂ ಕುಣಿಯಲಿಲ್ಲ. ಮೇಲ್ವಿಚಾರಕಿ ಡಬ್ಬಿಯ ಕಡೆ ಒಮ್ಮೆ ನೋಡಿ, ಕನ್ನಡಕ ಒರೆಸಿಕೊಂಡು, ಪೋಲಾಗದ ಸಿರಿಂಜುಗಳ ಪೆಟ್ಟಿಗೆ ಎಳೆದು ನಮ್ಮ ಮುಂದಿಟ್ಟಳು.

ಆ ಸಿರಿಂಜಿನ ವಿಷಯ ಹೇಳಲೇಬೇಕು. ಮಾಮೂಲು ಸಿರಿಂಜಿನಲ್ಲಿ ದಂಡ ಪೂರ್ತಿ ಒತ್ತಿದ ಮೇಲೂ ಮೂತಿಯಲ್ಲಿ ಸ್ವಲ್ಪ ಔಷಧ ಉಳಿಯುತ್ತದೆ. ದಂಡದ ತುದಿ ಮೂತಿಯ ಒಳಗೂ ಇಳಿಯುವಂತೆ ಮಾಡಿದ ಇನ್ನೊಂದು ಬಗೆಯಿದೆ, ಅದರಲ್ಲಿ ಉಳಿಯುವುದು ಅತ್ಯಲ್ಪ. ಅಂಥದ್ದಿದ್ದರೆ ಆರು, ಇಲ್ಲದಿದ್ದರೆ ಐದು. ಮೊದಲ ಆರನೆಯ ಡೋಸನ್ನು ಎಳೆದದ್ದು ಆ ಹುಡುಗನೇ. ಸೀಸೆಯನ್ನು ಬೋರಲು ಹಿಡಿದು, ಸೂಜಿಯನ್ನು ರಬ್ಬರಿನ ಅಂಚಿನವರೆಗೆ ಹಿಂದಕ್ಕೆ ಎಳೆದು, ಮೂಲೆಯ ಕಡೇ ಹನಿಯವರೆಗೆ. ಗುಳ್ಳೆ ಹೋಗಿಸಲು ಬೆರಳಿನಿಂದ ಸಿರಿಂಜಿಗೆ ತಟ್ಟಹೊರಟವನು ತಾನೇ ನಿಲ್ಲಿಸಿದ. ತಟ್ಟಬಾರದು. ಗೆರೆ 0.3ಕ್ಕೆ ಸರಿಯಾಗಿ ನಿಂತಿತು. ಅದು ಹೋದದ್ದು ರಾತ್ರಿ ಪಾಳಿಯಲ್ಲಿ ಕೋವಿಡ್ ವಾರ್ಡಿನ ನೆಲ ಒರೆಸುವ ಹೆಂಗಸಿಗೆ, ಪಟ್ಟಿಯಲ್ಲಿ ಬಹಳ ಕೆಳಗಿದ್ದವಳಿಗೆ.

ಜನವರಿ 6ರ ಹೊತ್ತಿಗೆ ಲೇಬಲ್ಲೇ ಬದಲಾಯಿತು, ಸೀಸೆಗೆ ಆರು ಡೋಸು. ಒಪ್ಪಂದ ಇದ್ದದ್ದು ಡೋಸಿನ ಲೆಕ್ಕದಲ್ಲಿ, ಸೀಸೆಯ ಲೆಕ್ಕದಲ್ಲಲ್ಲ. ಆಮೇಲಿನ ಸರಬರಾಜಿನಲ್ಲಿ ಅಷ್ಟೇ ಡೋಸಿಗೆ ಸೀಸೆ ಕಡಿಮೆ ಬಂದವು. ಪುಕ್ಕಟೆಯಾಗಿ ಸಿಕ್ಕಿದ್ದ ಆರನೆಯದು ಲೆಕ್ಕದ ಪುಸ್ತಕ ಸೇರಿತು, ಸರಿಯಾದ ಸಿರಿಂಜು ಇಲ್ಲದ ಊರುಗಳಿಗೆ ಒಂದು ಡೋಸು ಖೋತಾ. ಇದನ್ನು ಕೇಳಿ ಚಿಕ್ಕಪ್ಪ ಕಣ್ಣು ತೆರೆಯದೆಯೇ ನಕ್ಕರು.

"ನಮಗೆ ಇಲ್ಲಿ ಹಾಕಿದ್ದು ಇದೇ ಕೊಬ್ಬಿನದ್ದಾ?" ದೊಡ್ಡಮ್ಮ ಕೇಳಿದರು. ಅಲ್ಲ. ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಅವರಿಗೆ ಹಾಕಿದ್ದು ಕೋವಿಶೀಲ್ಡ್. ಅದರಲ್ಲಿ ಸಂದೇಶವನ್ನು ಹೊತ್ತದ್ದು ಕೊಬ್ಬಲ್ಲ, ರೋಗ ತರದಂತೆ ಹಲ್ಲು ಕಿತ್ತ ಇನ್ನೊಂದು ವೈರಸ್ಸು. ಮಾಮೂಲು ಫ್ರಿಜ್ಜಿನಲ್ಲಿ ಇಡಬಹುದಾದ್ದರಿಂದ ನಮ್ಮ ದೇಶಕ್ಕೆ ಅದೇ ಸಲೀಸು. ಪುಣೆಯ ಜೆನ್ನೋವಾ ಕಂಪನಿ ಮಾಡಿದ ನಮ್ಮದೇ ಎಂಆರ್‌ಎನ್‌ಎ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು 2022ರ ಜೂನಿನಲ್ಲಿ. ಅದೂ ಮಾಮೂಲು ಫ್ರಿಜ್ಜಿನಲ್ಲಿ ನಿಲ್ಲುವಂಥದ್ದು, ಆದರೆ ಅಷ್ಟರಲ್ಲಿ ಜನ ಲಸಿಕೆಯನ್ನೇ ಮರೆಯತೊಡಗಿದ್ದರು.

ಹುಡುಗನಿಗೆ ಅದು ಸಾಲಲಿಲ್ಲ. "ವೈರಸ್ಸೇ ಹೊತ್ತುಕೊಂಡು ಹೋಗ್ತದೆ ಅಂದ್ರೆ ಕೊಬ್ಬು ಯಾಕೆ ಬೇಕಿತ್ತು ಅತ್ತೆ?"

ಈ ಪ್ರಶ್ನೆಗೆ ಉತ್ತರ ಫಿಲಡೆಲ್ಫಿಯಾದಲ್ಲಿದೆ. 1999ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ ತೀರಿಕೊಂಡ. ಅವನಿಗಿದ್ದದ್ದು ಯಕೃತ್ತಿನ ಒಂದು ಕಿಣ್ವದ ಕೊರತೆ. ನಾವು ತಿಂದ ಪ್ರೊಟೀನು ಜೀರ್ಣವಾದಾಗ ಹುಟ್ಟುವ ಅಮೋನಿಯಾವನ್ನು ಯಕೃತ್ತು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಅದಕ್ಕೆ ಹಲವು ಮೆಟ್ಟಿಲು, ಒಂದು ಮೆಟ್ಟಿಲು ಮುರಿದರೂ ಅಮೋನಿಯಾ ಮೆದುಳಿಗೆ ಏರುತ್ತದೆ. ಸರಿಯಾದ ಜೀನನ್ನು ವೈರಸ್ಸಿನ ಮೈಯಲ್ಲಿ ತುಂಬಿ ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ಅವನ ದೇಹ ವೈರಸ್ಸಿನ ಮೇಲೆ ಎಷ್ಟು ಉಗ್ರವಾಗಿ ತಿರುಗಿಬಿತ್ತೆಂದರೆ ನಾಲ್ಕು ದಿನದಲ್ಲಿ ಎಲ್ಲ ಅಂಗ ಸೋತವು. ಕೊಂದದ್ದು ಜೀನಲ್ಲ, ಹೊತ್ತು ತಂದದ್ದು. ಜೀನ್ ಚಿಕಿತ್ಸೆ ಎಂಬ ಇಡೀ ಕ್ಷೇತ್ರ ಎಷ್ಟೋ ವರ್ಷ ತಲೆ ತಗ್ಗಿಸಿ ಕೂತಿತು.

ಅದೇ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಗೆ 2024ರಲ್ಲಿ ಕೆಜೆ ಎಂಬ ಹಸುಗೂಸು ಬಂತು. ಮುರಿದದ್ದು ಅದೇ ಯೂರಿಯಾ ದಾರಿಯ ಪಕ್ಕದ ಮೆಟ್ಟಿಲು. ಈ ಕೊರತೆ ಸುಮಾರು 13 ಲಕ್ಷ ಮಕ್ಕಳಲ್ಲಿ ಒಂದಕ್ಕೆ. ವೈದ್ಯರಾದ ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಕಿರಣ್ ಮುಸುನೂರು ಅವರ ತಂಡ ಆ ಒಂದು ಮಗುವಿನ ಜೀನಿನಲ್ಲಿದ್ದ ಒಂದು ಅಕ್ಷರದ ತಪ್ಪನ್ನು ತಿದ್ದುವ ಔಷಧವನ್ನು ಆರು ತಿಂಗಳಲ್ಲಿ ಕಟ್ಟಿತು. ತಿದ್ದುವ ಕಿಣ್ವದ ಎಂಆರ್‌ಎನ್‌ಎ ಒಂದು, ಎಲ್ಲಿ ತಿದ್ದಬೇಕೆಂದು ತೋರಿಸುವ ಗೈಡ್ ಆರ್‌ಎನ್‌ಎ ಇನ್ನೊಂದು. ಎರಡನ್ನೂ ಸುತ್ತಿದ್ದು ಕೊಬ್ಬಿನ ಉಂಡೆ, ಮಾಡಿದ್ದು ವ್ಯಾಂಕೂವರಿನ ಅದೇ ಅಕ್ಯುಯಿಟಾಸ್.

ಯಕೃತ್ತಿಗೆ ದಾರಿ ತೋರಿಸಬೇಕಾಗಿಯೂ ಇರಲಿಲ್ಲ. ರಕ್ತಕ್ಕೆ ಬಿಟ್ಟ ಈ ಉಂಡೆಗಳಿಗೆ ಅಪೊ-ಇ ಎಂಬ ನಮ್ಮದೇ ಪ್ರೊಟೀನು ಮೆತ್ತಿಕೊಳ್ಳುತ್ತದೆ, ಯಕೃತ್ತು ಇವು ಎಂದಿನ ಕೊಲೆಸ್ಟರಾಲ್ ಸರಕೆಂದು ತಿಳಿದು ಬಾಗಿಲು ತೆಗೆಯುತ್ತದೆ. ಬೇರೆ ಅಂಗಗಳು ಇಷ್ಟು ಸುಲಭಕ್ಕೆ ತೆಗೆಯುವುದಿಲ್ಲ, ಅದೇ ಈಗಿನ ದೊಡ್ಡ ತಲೆನೋವು. ಶ್ವಾಸಕೋಶಕ್ಕೊಂದು, ಮೂಳೆಮಜ್ಜೆಗೊಂದು ಎಂದು ಬೇರೆ ಬೇರೆ ಕೊಬ್ಬು ಹುಡುಕುತ್ತಿದ್ದಾರೆ. ಮೆದುಳಿನ ಮಾತಂತೂ ಇನ್ನೂ ದೂರ.

"ಮಗು ಗುಣ ಆಯ್ತಾ?" ಎಂದರು ದೊಡ್ಡಮ್ಮ. ಅವರಿಗೆ ಅಪೊ-ಇ ಬೇಡ.

ಗುಣ ಎಂಬ ಪದವನ್ನು ಅಲ್ಲಿನ ವೈದ್ಯರು ಬಳಸಲಿಲ್ಲ. 2025ರ ಫೆಬ್ರವರಿಯಲ್ಲಿ ಮೊದಲು ತೀರಾ ಕಡಿಮೆ ಪ್ರಮಾಣ ಕೊಟ್ಟು ನೋಡಿದರು. ಮಾರ್ಚಿನಲ್ಲಿ ಇನ್ನೊಮ್ಮೆ, ಏಪ್ರಿಲಿನಲ್ಲಿ ಮತ್ತೊಮ್ಮೆ, ಹೆಚ್ಚಿಸುತ್ತ. ವೈರಸ್ಸಿನಲ್ಲಿ ಹೊರಿಸಿದ್ದರೆ ಎರಡನೆಯ ಸಲಕ್ಕೇ ದೇಹ ಗುರುತು ಹಿಡಿದು ಹೊಡೆಯುತ್ತಿತ್ತು. ಕೊಬ್ಬಾದ್ದರಿಂದ ಮೂರು ಸಲ ಕೊಡಲು ಸಾಧ್ಯವಾಯಿತು. ಮಗು ಮೊದಲಿಗಿಂತ ಹೆಚ್ಚು ಪ್ರೊಟೀನು ಅರಗಿಸಿಕೊಂಡಿತು, ನೆಗಡಿ ಬಂದಾಗಲೂ ಅಮೋನಿಯಾ ಕೈಮೀರಲಿಲ್ಲ, ಔಷಧ ಕಡಿಮೆ ಮಾಡಿದರು, ಜೂನಿನಲ್ಲಿ ಮನೆಗೆ ಕಳಿಸಿದರು. ಈಗ ಆ ತಂಡದವರು ಅದೇ ದಾರಿಯ ಬೇರೆ ಮೆಟ್ಟಿಲು ಮುರಿದ ಮಕ್ಕಳಿಗೂ ಇದನ್ನೇ ಮಾಡುವ ಯೋಜನೆ ಹಾಕಿದ್ದಾರೆ. ಕೊಬ್ಬು ಅದೇ, ತಿದ್ದುವ ಕಿಣ್ವ ಅದೇ, ಗೈಡ್ ಮಾತ್ರ ಮಗುವಿಗೆ ತಕ್ಕಂತೆ ಬೇರೆ.